ಒಳಕೋಣೆಯ ಯಂತ್ರ

ಮನೆಯಿಂದ,
ಗುರುವಾರ, ತಾರೀಖು ೧೪

ಮಗನೇ, ನಿನಗೆ ಅಮ್ಮನ ಆಶೀರ್ವಾದ.

ಸೊಂಟದ ನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಶಾಖದಿಂದ ನೇರವಾಗಿ ಮೇಲಿನ ಗಾಳಿಗೆ ಬಂದು ನಿಲ್ಲಬೇಡವೆಂದು ಎಷ್ಟು ಹೇಳಿದರೂ ನೀನು ಕೇಳುವವನಲ್ಲ. ನನ್ನ ಆರೋಗ್ಯ ಗಟ್ಟಿಯಾಗಿದೆ. ಕೆಟ್ಟಿರುವುದು ಮನೆಯ ಆರೋಗ್ಯ. ಸೋಮವಾರದಿಂದ ನಿನ್ನ ಹೆಂಡತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಾಳೆ. ಏನಾಯಿತೆಂದು ನನ್ನಿಂದಲೇ ತಿಳಿದುಕೋ.

ಆಸ್ಪತ್ರೆಗೆ ಫೋನ್ ಮಾಡುವವರಿಗೆ ಉತ್ತರ ಕೊಡುವ ಯಂತ್ರವೊಂದನ್ನು ಅವಳ ಕಚೇರಿಯವರು ಮಾಡುತ್ತಿರುವುದು ನಿನಗೆ ಗೊತ್ತು. ಅದಿನ್ನೂ ಸಿದ್ಧವಾಗಿಲ್ಲ. ಜನ ಹೇಗೆಲ್ಲ ಕೇಳುತ್ತಾರೆಂದು ತಿಳಿಯಲು ಮೊದಲು ಮನುಷ್ಯರೊಬ್ಬರನ್ನೇ ಒಳಕೋಣೆಯಲ್ಲಿ ಕೂರಿಸುತ್ತಾರಂತೆ. ಫೋನಿನ ಮಾತು ಕೇಳಿಸಿಕೊಂಡು, ಮೊದಲೇ ಬರೆದಿಟ್ಟ ಉತ್ತರಗಳಲ್ಲಿ ಒಂದನ್ನು ಒತ್ತಬೇಕು. ಒತ್ತಿದ್ದನ್ನು, ಟೈಪ್ ಮಾಡಿದ್ದನ್ನು ಯಂತ್ರದ ದನಿ ಓದುತ್ತದೆ. ಆಚೆಯವರಿಗೆ ಯಂತ್ರವೇ ಮಾತಾಡಿದಂತೆ. ಕೂರಬೇಕಾದ ಹುಡುಗಿಗೆ ಜ್ವರ ಬಂತು. 'ಅತ್ತೆ, ನಿಮಗೆ ಟೈಪಿಂಗ್ ಬರುತ್ತಲ್ಲ, ಒಂದಿನ ಬನ್ನಿ' ಎಂದು ಕರೆದೊಯ್ದವಳು ನಿನ್ನ ಹೆಂಡತಿಯೇ. ನಾನೇನೂ ಅರ್ಜಿ ಹಾಕಿರಲಿಲ್ಲ.

ಅಂದು ಒಬ್ಬ ಬಸುರಿ ಹುಡುಗಿ ಫೋನ್ ಮಾಡಿ, ಇವತ್ತು ಡಾಕ್ಟರಿಗೆ ತೋರಿಸಬೇಕಿತ್ತು, ಬೇರೆ ದಿನ ಕೊಡಿ ಎಂದಳು. ಯಾವ ದಿನ ಬೇಕು ಎಂಬುದನ್ನು ಒತ್ತಿದೆ. 'ಯಾವತ್ತಾದ್ರೂ.' ಯಾವ ಡಾಕ್ಟರು? 'ಯಾರಾದ್ರೂ.' ದನಿ ನಡುಗುತ್ತಿತ್ತು. ಇನ್ನು ಒತ್ತಲು ಉಳಿದದ್ದು 'ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ' ಎಂಬುದೊಂದೇ. ಅರ್ಥವಾದ ಮೇಲೂ ಆಗಲಿಲ್ಲವೆಂದು ಹೇಗೆ ಒತ್ತಲಿ? 'ಯಾಕಮ್ಮಾ, ಹೆದರಿದ್ದೀಯಾ?' ಎಂದು ನಾನೇ ಟೈಪ್ ಮಾಡಿದೆ. ಅಳುತ್ತಾ ಬಾಯಿಬಿಟ್ಟಳು. ಹಿಂದಿನ ಸಂಜೆಯಿಂದ ಹೊಟ್ಟೆಯಲ್ಲಿ ಮಗು ಅಲುಗಾಡಿಲ್ಲ, ಬಂದರೆ ಏನು ಹೇಳಿಬಿಡುತ್ತಾರೋ ಎಂಬ ಭಯ. 'ದಿನ ಗಿನ ಏನೂ ಬೇಡ, ಈಗಿಂದೀಗಲೇ ಹೊರಟು ಬಾ' ಎಂದು ಬರೆದೆ. ಬಂದಳು. ತಾಯಿ, ಮಗು ಇಬ್ಬರೂ ಉಳಿದರು.

ಆಸ್ಪತ್ರೆಯ ದೊಡ್ಡವರು ಇದನ್ನು ಕೇಳಿ, 'ಎಂಥ ಮಷಿನ್ ರೀ! ನಮಗೆ ಇದೇ ಬೇಕು' ಎಂದು ಕುಣಿದಾಡಿದರು. ನಾಳೆ ಒಪ್ಪಂದಕ್ಕೆ ಸಹಿ. ಒಳಗೆ ಕೂತಿದ್ದವಳು ನಾನೆಂದು ಅವರಿಗೆ ತಿಳಿಯಕೂಡದೆಂದು ಕಚೇರಿಯ ಮ್ಯಾನೇಜರನ ಅಪ್ಪಣೆ. ಆ ಸಿಟ್ಟನ್ನೆಲ್ಲ ನಿನ್ನ ಹೆಂಡತಿ ನನ್ನ ಮೇಲೆ ತೀರಿಸಿಕೊಂಡಳು. 'ನಿಮ್ಮನ್ನ ಮಷಿನ್ ಥರ ಇರಿ ಅಂದೆ, ಅತ್ತೆ ಥರ ಇರಿ ಅಂದ್ನಾ? ನಿಜವಾದ ಮಷಿನ್ ಇಟ್ಟಾಗ ಇಂಥ ಹುಡುಗಿಗೆ ಅದು ಮುಂದಿನ ವಾರ ಬಾ ಅನ್ನುತ್ತೆ. ಆಗ ಯಾರು ದಿಕ್ಕು?' ಎಂದಳು. ನಾನೂ ಬಿಡಲಿಲ್ಲ. 'ಹಾಗಾದ್ರೆ ಆ ಹುಡುಗಿ ಕೈಲಿ ಮತ್ತೊಮ್ಮೆ, ಮತ್ತೊಮ್ಮೆ ಅಂತ ಹೇಳಿಸ್ತಾ ಕೂರಬೇಕಿತ್ತೇನೇ?' ಎಂದೆ. ಆಗ ಮುಚ್ಚಿದ ಬಾಯಿ ಇನ್ನೂ ತೆರೆದಿಲ್ಲ. ಅವಳ ಮಾತಿನಲ್ಲಿ ಹುರುಳಿದೆ. ನನ್ನ ತಲೆ ಕೆಡಿಸಿರುವುದೂ ಅದೇ. ಒಬ್ಬರದು ತಪ್ಪಾಗಿದ್ದರೆ ಜಗಳ ಎಂದೋ ಮುಗಿಯುತ್ತಿತ್ತು. ಅದೇನೇ ಇರಲಿ, ಹಿರಿಯರಿಗೆ ಹೀಗೆ ಮುಖ ತಿರುಗಿಸುವುದು ನಮ್ಮ ಮನೆಯಲ್ಲಿ ನಡೆದಿಲ್ಲ. ನೀನು ಅವಳಿಗೆ ನಾಲ್ಕು ಬುದ್ಧಿಮಾತು ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಕಡೆ ಗಮನವಿರಲಿ. ಎಲ್ಲೇ ಇದ್ದರೂ ಚೆನ್ನಾಗಿರು.

ಇಂತಿ,
ನಿನ್ನ ಅಮ್ಮ

ತಾ.ಕ.: ಅವಸರದಲ್ಲಿದ್ದೇನೆ. ನಿನ್ನ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. 'ಆಸ್ಪತ್ರೆಯವರಿಗೆ ನಿಜ ಹೇಳಿ ಬರ್ತೀನಿ. ನಾನೊಬ್ಬಳೇ ಹೇಳಿದ್ರೆ ನಂಬಲ್ಲ. ಬರ್ತೀರಾ ಅತ್ತೆ?' ಎಂದು ಕೇಳಿದಳು. ಅವಳ ಕೆಲಸ ಹೋಗುವುದು ಖಂಡಿತವೆಂದು ಇಬ್ಬರಿಗೂ ಗೊತ್ತು. ಹೊರಟಿದ್ದೇನೆ. ಬುದ್ಧಿಮಾತು ಗಿದ್ಧಿಮಾತು ಏನೂ ಬರೆಯಬೇಡ. ದಡ ಸೇರಿದ ಕೂಡಲೇ ಅವಳಿಗೆ ಫೋನ್ ಮಾಡು. ಕೆಲಸ ಕಳೆದುಕೊಂಡೆಯಲ್ಲ ಎಂದು ಒಂದೇ ಒಂದು ಮಾತು ಆಡಿದರೂ ನಿನಗೆ ಈ ಮನೆಯಲ್ಲಿ ಜಾಗವಿಲ್ಲ.