ದಾವಣಗೆರೆ ದಾಳಿಕೋರರಿಗೆ ತಡವಾದ ಉತ್ತರ

ಗದಗ, ಎರಡನೆಯ ಚೈತ್ರದ ಮೂವತ್ತೇಳನೆಯ ದಿನ, ೨೩೪೧

ಶ್ರೀ ದಾವಣಗೆರೆ ದಾಳಿಕೋರ ಅವರಿಗೆ ಗದಗಿನ ಸಾಂವಕ್ಕ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ಬೆಳೆದು ಬೆಳೆದು ಒಂದು ಚೈತ್ರದಲ್ಲಿ ಹಿಡಿಸದೆ ಹೋಯಿತು. ಅದಕ್ಕೆ ಹಿರಿಯರು ಎರಡು ಚೈತ್ರ ಮಾಡಿದರು, ಎರಡನೆಯದಕ್ಕೆ ದಿನಗಳನ್ನು ಸ್ವಲ್ಪ ಧಾರಾಳವಾಗಿಯೇ ಹಾಕಿದರು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮವು ನನಗೆ ಅದಕ್ಕಿಂತ ವಿಚಿತ್ರ. ನಿಮ್ಮ ಹೆಸರೇ ಇನ್ನೂ ನನಗೆ ಪೂರ್ತಿ ಒಗ್ಗಿಲ್ಲ. ಹೆತ್ತ ಮಗುವಿಗೆ ದಾಳಿಕೋರ ಎಂದು ಹೆಸರಿಟ್ಟು ತೊಟ್ಟಿಲು ತೂಗಿದ ತಾಯಿ ಎಂಥವಳಿರಬೇಕು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಮನೆತನದ ಹೆಸರು ಎಂದು ನಮ್ಮ ಪಂಡಿತರು ಹೇಳುತ್ತಾರೆ. ಅವರು ಹೇಳುವುದೆಲ್ಲ ನಿಜವೆಂದೇನಿಲ್ಲ.

ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಊರಿನಲ್ಲಿ ಹಳೆಪುಟ ಮನೆ ಎಂದಿದೆ. ನಿಮ್ಮ ಕಾಲದ ಗಣಕಗಳಲ್ಲಿ ಉಳಿದ ಬರವಣಿಗೆಯನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಉಳಿದದ್ದು ಬಹಳ ಕಡಿಮೆ. ಬದನೆಕಾಯಿ ಎಣ್ಣೆಗಾಯಿ ಮಾಡುವ ಬಗೆ, ಬಸ್ಸಿನಲ್ಲಿ ಕಳೆದುಹೋದ ಕೊಡೆಯ ಬಗ್ಗೆ ಒಬ್ಬರ ದೂರು, ಮತ್ತು ನಿಮ್ಮ ಪ್ರಶ್ನೆ, ಅದಕ್ಕೆ ಆಗ ಬಂದ ಉತ್ತರಗಳು. ಆ ಉತ್ತರಗಳ ಕೆಳಗೆ ಇನ್ನೊಂದು ಉತ್ತರ ಬರೆಯುವ ಜಾಗ ಖಾಲಿ ಇದೆ. ಅದರಲ್ಲಿ ಬರೆದರೆ ಅಕ್ಷರಗಳು ಒಂದು ಗಳಿಗೆ ನಿಂತು ಮಾಯವಾಗುತ್ತವೆ. ಎಲ್ಲಿಗೆ ಹೋಗುತ್ತವೆ ಎಂಬುದು ಯಾರಿಗೂ ಗೊತ್ತಿಲ್ಲ. ನಿಮ್ಮ ಕಡೆಗೇ ಇರಬೇಕು ಎಂದು ನಂಬಿ ಬರೆಯುತ್ತಿದ್ದೇನೆ.

ನಿಮಗೆ ನೆನಪಿದೆಯೋ ಇಲ್ಲವೋ, ನೀವು ಕೇಳಿದ್ದು ಇಷ್ಟು: ನಿಮ್ಮ ಬಳಿ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು. ನಿಮ್ಮ ತಮ್ಮನ ಬಳಿ ಅಂಥದೇ ಇನ್ನೊಂದು ಇತ್ತು, ಆದರೆ ಅವನ ಪಿಸಿ ಕೆಟ್ಟು ಕೂತಿತ್ತು. ಹೊಸ ಆಟವೊಂದು ಬಂದಿತ್ತು, ಹಳೆಯ ಕಾರ್ಡಿನಲ್ಲಿ ಅದು ತಡವರಿಸುತ್ತಿತ್ತು. ತಮ್ಮನ ಕಾರ್ಡನ್ನು ನಿಮ್ಮದರ ಪಕ್ಕಕ್ಕೆ ಜೋಡಿಸಿ ಎರಡರಿಂದಲೂ ಕೆಲಸ ಮಾಡಿಸಬೇಕೋ, ಇಲ್ಲ ಎರಡನ್ನೂ ಮಾರಿ ದೊಡ್ಡದೊಂದು ಕಾರ್ಡ್ ತರಬೇಕೋ, ತಿಳಿದವರು ಹೇಳಿ ಎಂದು ಬರೆದಿದ್ದಿರಿ. ಬಹಳ ಜನ ಬರೆದರು. ಕೊನೆಗೆ ನೀವು, ಎಲ್ಲರಿಗೂ ಥ್ಯಾಂಕ್ಸ್, ನಿರ್ಧಾರ ಮಾಡಿದೆ, ಎಂದು ಬರೆದು ಹೋದಿರಿ. ಏನು ನಿರ್ಧಾರ ಎಂದು ಹೇಳಲಿಲ್ಲ. ಮುನ್ನೂರು ವರ್ಷಗಳಿಂದ ನಮ್ಮ ಪಂಡಿತರು ಈ ವಿಷಯಕ್ಕೆ ಜಗಳವಾಡುತ್ತಿದ್ದಾರೆ, ಎರಡು ಪಂಗಡಗಳಾಗಿವೆ, ಒಂದು ಪಂಗಡದವರು ಇನ್ನೊಂದರವರ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಇನ್ನೊಂದು ಸಾಲು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಸ್ವಾಮಿ.

ಪಂಡಿತರ ಜಗಳ ನನಗೆ ಬೇಕಾಗಿಲ್ಲ. ನಿಮ್ಮ ತೊಂದರೆಯೇ ಈಗ ನನ್ನ ಮನೆಗೆ ಬಂದಿದೆ. ಅದಕ್ಕೆ ಕೇಳುತ್ತಿದ್ದೇನೆ.

ನಮ್ಮ ಬದುಕು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆಯ ತಿಂಗಳುಗಳಲ್ಲಿ ಹೊತ್ತು ಹುಟ್ಟಿದ ಮೇಲೆ ನಮ್ಮಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಹಿಂದೆ ಜೋಳ ತುಂಬಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರಲ್ಲ, ಹಾಗೆ ಎರೆಮಣ್ಣಿನ ಕೆಳಗೆ ತೋಡಿದ ಮನೆಗಳಲ್ಲಿ ಇರುತ್ತೇವೆ. ಹೊತ್ತು ಮುಳುಗಿದ ಮೇಲೆ ಮೇಲೆ ಬಂದು ನೀರು ತರುತ್ತೇವೆ, ರೊಟ್ಟಿ ಬಡಿಯುತ್ತೇವೆ. ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ಪ್ರತಿ ಮನೆಗೂ ಒಂದಿಷ್ಟು ವಿದ್ಯುತ್ತು ಬರುತ್ತದೆ, ಅದಕ್ಕೆ ಗಾಳಿಪಾಲು ಎನ್ನುತ್ತೇವೆ. ಅದರಲ್ಲೇ ಫ್ಯಾನು ತಿರುಗಬೇಕು, ಅದರಲ್ಲೇ ದೀಪ ಉರಿಯಬೇಕು, ಅದರಲ್ಲೇ ನಾವು ಹಗಲುಬೀದಿಗೆ ಹೋಗಬೇಕು.

ಹಗಲುಬೀದಿ ಎಂದರೆ ನಿಮ್ಮ ಕಾಲದ ಒಂದು ಆಟ. ಯಾರೋ ಪುಣ್ಯಾತ್ಮರು ಅದನ್ನು ಉಳಿಸಿಕೊಂಡು, ಅದರೊಳಗೆ ನಮ್ಮ ಊರಿನ ಬೀದಿಯನ್ನು ಕಟ್ಟಿದರು. ಬಿಸಿಲಿನ ತಿಂಗಳುಗಳಲ್ಲಿ ಊರೆಲ್ಲ ತಮ್ಮ ತಮ್ಮ ಹಗೇವಿನಲ್ಲಿ ಕೂತು ಆ ಬೀದಿಯಲ್ಲೇ ಓಡಾಡುತ್ತದೆ. ಅಲ್ಲೇ ಹರಟೆ, ಅಲ್ಲೇ ನ್ಯಾಯ, ಹೆಣ್ಣು ನೋಡುವುದೂ ಅಲ್ಲೇ. ಮೂಲದಲ್ಲಿ ಅದು ಯುದ್ಧದ ಆಟವಂತೆ. ಆದ್ದರಿಂದ ಇಂದಿಗೂ ಬೀದಿಗೆ ಇಳಿಯಬೇಕಾದರೆ ವಿಮಾನದಿಂದ ಜಿಗಿಯಬೇಕು. ಎಲ್ಲರ ಬೆನ್ನ ಮೇಲೂ ಬಂದೂಕು ಇರುತ್ತದೆ, ಅದನ್ನು ತೆಗೆಯುವ ಬಗೆ ಯಾರಿಗೂ ತಿಳಿದಿಲ್ಲ. ನಮ್ಮ ಓಣಿಯ ಮುದುಕಿಯರು ಬಂದೂಕು ಹೊತ್ತುಕೊಂಡೇ ಆರತಿ ಎತ್ತುತ್ತಾರೆ. ನಮಗೆ ಇದರಲ್ಲಿ ನಗು ಬರುವುದಿಲ್ಲ, ನಿಮಗೆ ಬರಬಹುದು.

ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ನಾವು ಚಿತ್ರಹಲಗೆ ಎನ್ನುತ್ತೇವೆ. ಒಂದು ಹಲಗೆಯ ಮೇಲೆ ಒಬ್ಬರ ಹೆಸರು ಕೆತ್ತಿರುತ್ತದೆ. ಯಾವ ಹಲಗೆಯ ಮೇಲೂ ಹೆಸರಿಲ್ಲದವರು ಹಗಲುಬೀದಿಗೆ ಇಳಿಯುವಂತಿಲ್ಲ. ಇದು ಗದಗಿನ ಕಟ್ಟುಪಾಡು. ನನಗೂ ನನ್ನ ತಂಗಿ ಫಕೀರವ್ವನಿಗೂ ಅವ್ವ ಕೊಟ್ಟುಹೋದ ಎರಡು ಹಲಗೆಗಳಿವೆ, ಎರಡೂ ಒಂದೇ ತರಹದವು. ನಾವಿಬ್ಬರೇ ಈ ಮನೆಯಲ್ಲಿ ಇರುವವರು. ಇಬ್ಬರೂ ಮದುವೆಯಾಗಲಿಲ್ಲ. ನನಗೆ ಯಾರೂ ಹಿಡಿಸಲಿಲ್ಲ, ಅವಳನ್ನು ಯಾರೂ ಕೇಳಲಿಲ್ಲ.

ಹೋದ ವರ್ಷ ಬೀದಿಯನ್ನು ದೊಡ್ಡದು ಮಾಡಿದರು. ಲಕ್ಷ್ಮೇಶ್ವರ, ರೋಣ, ಮುಂಡರಗಿ ಎಲ್ಲ ಅದರೊಳಗೆ ಸೇರಿದವು. ಆವಾಗಿನಿಂದ ನಮ್ಮ ಹಳೆಯ ಹಲಗೆಗಳಿಗೆ ಉಸಿರು ಸಾಲುತ್ತಿಲ್ಲ. ಬೀದಿ ಬರುತ್ತದೆ, ಗೋಡೆ ಬರುತ್ತದೆ, ಜನ ಬರುತ್ತಾರೆ, ಅವರ ಮುಖ ಮಾತ್ರ ಬರುವುದಿಲ್ಲ. ಮುಖದ ಜಾಗದಲ್ಲಿ ಲಟ್ಟಿಸಿದ ಚಪಾತಿಯಂತೆ ನುಣ್ಣಗಿರುತ್ತದೆ. ದನಿಯಿಂದ ಗುರುತು ಹಿಡಿದು ಮಾತಾಡಬೇಕು. ಮೊದಮೊದಲು ನಾನು ಬೇರೆ ಯಾರಿಗೋ ಯೋಗಕ್ಷೇಮ ಕೇಳಿ ಪೇಚಿಗೆ ಸಿಕ್ಕಿಕೊಂಡೆ.

ಫಕೀರವ್ವ ಮಾತ್ರ ತೊಂದರೆಯಿಲ್ಲದೆ ಮಾತಾಡಲು ಕಲಿತಳು. ರೋಣದ ಯಮನೂರಪ್ಪ ಎಂಬ ಗಾಳಿಯಂತ್ರ ರಿಪೇರಿ ಮಾಡುವವನೊಬ್ಬ ಬೀದಿಯ ಚಹದಂಗಡಿಯ ಕಟ್ಟೆಗೆ ಬಂದು ಕೂರುತ್ತಾನೆ. ಆ ಅಂಗಡಿಯಲ್ಲಿ ಚಹಾ ಇಲ್ಲ, ಬರೀ ಹೊಗೆ ಏಳುವ ಕಪ್ಪುಗಳಿವೆ. ಆದರೂ ಇವಳು ದಿನಾ ಅಲ್ಲಿ ಹೋಗಿ ಕೂರುತ್ತಾಳೆ. ನಲವತ್ತು ದಾಟಿದ ನನ್ನ ತಂಗಿ ತೆರೆಯ ಮುಂದೆ ಕೂತು ಒಬ್ಬಳೇ ನಗುವುದನ್ನು ನಾನು ಪಕ್ಕದ ಚಾಪೆಯಿಂದ ನೋಡುತ್ತೇನೆ. ಅವಳು ಅವನ ಮುಖವನ್ನು ಇನ್ನೂ ಕಂಡಿಲ್ಲ. ಅವಳಿಗೆ ಅದನ್ನು ತೋರಿಸಬೇಕು ಎಂಬುದು ನನ್ನ ತಲೆಗೆ ಹೊಕ್ಕಿತು. ಅಲ್ಲಿಂದ ನನ್ನ ಗೊಂದಲ ಶುರುವಾಯಿತು.

ಊರಿನ ಉಗ್ರಾಣದವರು ಹೇಳಿದರು: ಎರಡು ಹಳೆಯ ಹಲಗೆ ಕೊಟ್ಟರೆ ಒಂದು ಹೊಸದು ಕೊಡುತ್ತೇವೆ, ಮುಖದ ಮೇಲಿನ ಸಿಡುಬಿನ ಕಲೆ ಕೂಡ ಕಾಣುತ್ತದೆ. ಆದರೆ ಒಂದು ಹಲಗೆಗೆ ಒಂದೇ ಹೆಸರು. ನನ್ನದು ಕೆತ್ತಿಸಿದರೆ ಅವಳು ಮಳೆಗಾಲದವರೆಗೆ ಹಗೇವಿನಲ್ಲಿ ಗೋಡೆ ನೋಡುತ್ತ ಕೂರಬೇಕು. ಅವಳದು ಕೆತ್ತಿಸಿದರೆ ನಾನು ಕೂರಬೇಕು. ಎರಡು ಹಳೆಯವನ್ನೇ ಒಂದು ಯಂತ್ರಕ್ಕೆ ಜೋಡಿಸಿದರೆ ಎರಡೂ ಹೆಸರು ಉಳಿಯುತ್ತವೆ, ಮುಖವೂ ಬಂದರೆ ಬರಬಹುದು. ಬರಬಹುದು ಎಂದರೇ ಹೊರತು ಬರುತ್ತದೆ ಎನ್ನಲಿಲ್ಲ.

ನಾನು ಹಳೆಪುಟ ಮನೆಗೆ ಹೋಗಿ ನಿಮಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಓದಿ ಇದ್ದ ಬುದ್ಧಿಯೂ ಹೋಯಿತು. ಒಬ್ಬರು ಎರಡು ಕಾರ್ಡ್ ಇದ್ದರೆ ಶಕ್ತಿ ಇಮ್ಮಡಿ ಎನ್ನುತ್ತಾರೆ. ಅವರ ಕೆಳಗೆ ಇನ್ನೊಬ್ಬರು ಎಲ್ಲಿ ಇಮ್ಮಡಿ, ಆಟ ಮಾಡಿದವರು ಒಪ್ಪದಿದ್ದರೆ ಎರಡನೆಯದು ಸುಮ್ಮನೆ ಕೂತು ಬಿಸಿಯಾಗುತ್ತದೆ ಅಷ್ಟೆ ಎನ್ನುತ್ತಾರೆ. ಮತ್ತೊಬ್ಬರು, ಒಂದು ಚಿತ್ರ ಇದು ಬರೆದರೆ ಮುಂದಿನದನ್ನು ಅದು ಬರೆಯುತ್ತದೆ, ಇಬ್ಬರ ಲಯ ಕೂಡದೆ ಆಟ ಮುಗ್ಗರಿಸುತ್ತದೆ ಎಂದಿದ್ದಾರೆ. ಪವರ್ ಸಪ್ಲೈ ಎಷ್ಟು ವ್ಯಾಟಿನದು ಎಂದು ಕೇಳದವರೇ ಇಲ್ಲ. ಕಾರ್ಡಿನ ಮೆಮೊರಿ ಕೂಡುವುದಿಲ್ಲ, ಎರಡಿದ್ದರೂ ಒಂದರಷ್ಟೇ ಎಂದು ಒಬ್ಬರು ಗದರಿದ್ದಾರೆ. ಓದುತ್ತ ಓದುತ್ತ ಇವರು ಹಲಗೆಯ ಬಗ್ಗೆ ಹೇಳುತ್ತಿದ್ದಾರೋ ಅಕ್ಕತಂಗಿಯರ ಬಗ್ಗೆ ಹೇಳುತ್ತಿದ್ದಾರೋ ಎಂದೇ ನನಗೆ ತಿಳಿಯದಾಯಿತು. ಇಬ್ಬರಲ್ಲಿ ಸುಮ್ಮನೆ ಕೂತು ಬಿಸಿಯಾಗುವವಳು ನಾನೇ ಎನಿಸಿ ಸಿಟ್ಟೂ ಬಂತು.

ಕೇಳಿ ಸಾಕಾಯಿತು, ಮಾಡಿ ನೋಡೋಣ ಎಂದು ಉಗ್ರಾಣದಿಂದ ಜೋಡುಪಟ್ಟಿ ತಂದು ಎರಡೂ ಹಲಗೆಗಳನ್ನು ನನ್ನ ಯಂತ್ರಕ್ಕೆ ಜೋಡಿಸಿದೆ. ಫಕೀರವ್ವ ತೆರೆಯ ಮುಂದೆ ಕೂತಳು, ನಾನು ಅವಳ ಭುಜದ ಮೇಲಿಂದ ನೋಡಿದೆ. ವಿಮಾನದಿಂದ ಜಿಗಿದೆವು. ಮುಖಗಳು ಬಂದವು. ಬಂದವು ಎಂದರೆ, ಒಂದು ಸಲ ಮೂಗು, ಒಂದು ಸಲ ಕಣ್ಣು, ತಂಬಿಗೆಯ ನೀರಿನಲ್ಲಿ ಕಂಡ ಹಾಗೆ ಅಲ್ಲಾಡುತ್ತ. ಹಗೇವು ಒಲೆಯಾಯಿತು. ನನಗೆ ಅದರ ಪರಿವೆ ಇರಲಿಲ್ಲ, ಚಹದಂಗಡಿಯ ಕಡೆ ನಡಿ ಎಂದು ಅವಳನ್ನು ದೂಡುತ್ತಿದ್ದೆ. ಅವಳು ಆ ಕಡೆ ಹೋಗಲೇ ಇಲ್ಲ. ಬೀದಿಯ ಇನ್ನೊಂದು ತುದಿಗೆ ನಡೆದು, ಒಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಅಷ್ಟರಲ್ಲಿ ಗಾಳಿಪಾಲು ಮುಗಿದು ತೆರೆ ಆರಿತು. ನಡುಗುವ ಮುಖ ಅವಳಿಗೆ ಬೇಡವಾಗಿರಬೇಕು, ಸ್ಪಷ್ಟವಾದದ್ದೇ ಬೇಕಿರಬೇಕು ಎಂದುಕೊಂಡೆ. ಹಾಗಿದ್ದರೆ ಹೊಸ ಹಲಗೆಯೇ ಸರಿ, ಹೆಸರು ಅವಳದೇ ಇರಲಿ ಎಂದುಕೊಂಡೆ. ಮರುದಿನ ಹಾಗಾದರೆ ನನ್ನ ಗತಿ ಏನು ಎಂದುಕೊಂಡೆ. ವಾರವೆಲ್ಲ ಹೀಗೇ ಆಯಿತು.

ಇಂದು ಹೊತ್ತು ಮುಳುಗಿದ ಮೇಲೆ ಹಳೆಪುಟ ಮನೆಗೆ ಹೋಗಿ ಮತ್ತೆ ನಿಮ್ಮ ಪುಟ ತೆಗೆದೆ. ಎಲ್ಲಾದರೂ ಒಂದು ಸುಳಿವು ಸಿಗಬಹುದೆಂದು ಮೊದಲಿನಿಂದ ಓದಿದೆ. ಆಗ ಕಣ್ಣಿಗೆ ಬಿತ್ತು. ಇಷ್ಟು ಜನ ಇಷ್ಟೊಂದು ಬರೆದಿದ್ದಾರೆ, ವ್ಯಾಟು, ಶಾಖ, ಬೆಲೆ, ಗಾಳಿ ಆಡಲು ಜಾಗ, ಎಲ್ಲ ಕೇಳಿದ್ದಾರೆ. ಒಬ್ಬರೂ ನಿಮ್ಮ ತಮ್ಮನ ಬಗ್ಗೆ ಕೇಳಿಲ್ಲ. ಅವನ ಕಾರ್ಡ್ ತೆಗೆದುಕೊಂಡ ಮೇಲೆ ಅವನು ಯಾವುದರಲ್ಲಿ ಆಡುತ್ತಾನೆ ಎಂದು ಯಾರಿಗೂ ಹೊಳೆಯಲಿಲ್ಲ. ನೀವೂ ಬರೆದಿಲ್ಲ. ಅವನಿಗೆ ಏನು ಬೇಕಿತ್ತು ಎಂಬ ಒಂದು ಮಾತು ಆ ಪುಟದಲ್ಲಿ ಎಲ್ಲಿಯೂ ಇಲ್ಲ. ನಿಮಗೆ ಬಯ್ಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ನಾನೂ ಫಕೀರವ್ವನನ್ನು ಕೇಳಿಲ್ಲ ಎಂಬುದು ಗೊತ್ತಾಯಿತು.

ಮನೆಗೆ ಬಂದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಿನಗ ಏನ್ ಬೇಕವಾ ಎಂದು ಕೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀ ಕೇಳಲಿ ಅಂತ ಎಷ್ಟ ದಿನಾ ಕಾದೆ ಅಕ್ಕಾ. ನಾ ರೋಣಕ್ಕ ಹೋಗತೀನಿ. ಅಂವನ ಮುಖಾ ಹಲಗಿ ಬರದ ತೋರಸೂದು ನನಗ ಬ್ಯಾಡ. ಮೊದಲ ಸಲಾ ನೋಡೂದರ ನನ್ನ ಕಣ್ಣೀಲೆ ನೋಡತೀನಿ. ಎರಡೂ ಹಲಗಿ ನೀನ ಇಟ್ಕೋ."

ನಾಳೆ ಹೊತ್ತು ಮುಳುಗಿದ ಮೇಲೆ ಉಗ್ರಾಣದ ಗಾಡಿ ಬರುತ್ತದೆ. ಹಲಗೆ ಬದಲಿಸಿಕೊಂಡು ಅದು ನೇರ ರೋಣಕ್ಕೆ ಹೋಗುತ್ತದೆ. ಮಳೆ ಬೀಳುವವರೆಗೆ ಅದೇ ಕೊನೆಯ ಗಾಡಿ. ಇವಳು ಅದರಲ್ಲಿ ಜಾಗ ಹೇಳಿಟ್ಟು ಎಷ್ಟೋ ದಿನವಾಯಿತಂತೆ, ಸೀರೆಗಳನ್ನು ಗಂಟು ಕಟ್ಟಿಯೂ ಆಗಿದೆಯಂತೆ. ಆ ಗಂಟನ್ನು ನಾನು ದಿನಾ ನೋಡುತ್ತಿದ್ದೆ, ಒಗೆಯಲು ಇಟ್ಟಿದ್ದಾಳೆ ಎಂದುಕೊಂಡಿದ್ದೆ. ಅಲ್ಲಿ ಹೋಗಿ ಅವನ ಮುಖ ಹಿಡಿಸದಿದ್ದರೆ ಎಂದು ಕೇಳಿದೆ. ಹಿಡಿಸದಿದ್ದರೆ ಮಳೆಗಾಲದಲ್ಲಿ ಬರುತ್ತೇನೆ, ಅಷ್ಟಕ್ಕೇಕೆ ಅಳುತ್ತೀ ಎಂದಳು. ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂದಿದೆ, ಅವಳಿಗಾಗಿ ಸಂತೋಷವೂ ಆಗಿದೆ. ಯಾವುದು ಮೊದಲು ಬಂತು ಎಂದು ಕೇಳಿದರೆ ಹೇಳಲಾರೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ಪತ್ರ ನೀವು ನಿರ್ಧಾರ ಮಾಡುವ ಮೊದಲೇ ಮುಟ್ಟಿದರೆ, ಎದ್ದು ಹೋಗಿ ತಮ್ಮನನ್ನು ಕೇಳಿ. ಕಾರ್ಡಿನ ಬಗ್ಗೆ ಕೇಳಬೇಡಿ, ಅವನಿಗೆ ಏನು ಬೇಕು ಎಂದು ಕೇಳಿ. ಅವನು ಹೇಳುವುದು ನಿಮಗೆ ಹಿತವಾಗಿ ಇರದಿರಬಹುದು. ಆಮೇಲೆ ಏನು ಮಾಡಿದಿರಿ ಎಂದು ದಯವಿಟ್ಟು ಆ ಪುಟದಲ್ಲಿ ಒಂದು ಸಾಲು ಬರೆದು ಹೋಗಿ.

ನಾನು ಎರಡನ್ನೂ ಕೊಟ್ಟು ಹೊಸದೊಂದನ್ನು ತೆಗೆದುಕೊಳ್ಳುತ್ತೇನೆ, ನನ್ನ ಹೆಸರು ಕೆತ್ತಿಸುತ್ತೇನೆ. ರೋಣದಲ್ಲಿ ಹೆಸರಿನ ಕಟ್ಟುಪಾಡಿಲ್ಲವಂತೆ, ಊರಿಗೊಂದೇ ದೊಡ್ಡ ಯಂತ್ರವಂತೆ, ಸರದಿಯ ಮೇಲೆ ಕೂರುತ್ತಾರಂತೆ. ಫಕೀರವ್ವ ತನ್ನ ಸರದಿ ಬಂದ ದಿನ ಬೀದಿಗೆ ಇಳಿದರೆ ಅವಳ ಮುಖ ನನಗೆ ಕಾಣಬೇಕು. ಇಷ್ಟು ವರ್ಷ ಅದಕ್ಕೆ ಹಲಗೆ ಬೇಕಾಗಿರಲಿಲ್ಲ, ಪಕ್ಕದಲ್ಲೇ ಕೂತಿರುತ್ತಿದ್ದಳು.

ಸಾಂವಕ್ಕ