ಸೊನ್ನೆ ಬಂದ ಎದೆ

ಪರಾಭವ ಸಂವತ್ಸರ, ಎರಡನೆಯ ವೈಶಾಖ, ಐವತ್ತೊಂದನೆಯ ದಿನ
ನೆರಳೋಣಿ, ಗದಗ

ಪೂಜ್ಯ ಶಾಂತವೀರಮ್ಮನವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಮಹಾನಂದಾ ಮಾಡುವ ಶರಣು.

ಮೇಲಿನ ತಾರೀಖು ಓದಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಬೇಸಿಗೆ ಉದ್ದವಾದಂತೆ ನಾವು ವೈಶಾಖವನ್ನೂ ಉದ್ದ ಮಾಡಿಕೊಂಡೆವು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನೆರಳೋಣಿ ಎಂದರೆ ಚಾವಣಿ ಹೊದಿಸಿದ ಬೀದಿ. ಬಿಸಿಲಿಗೆ ಹೆದರಿ ಸಂತೆಗೂ ಮದುವೆಗೂ ಅದರೊಳಗೇ ನಡೆಯುತ್ತೇವೆ.

ನೀವು ಹೃದಯದ ಕ್ಯಾಲ್ಸಿಯಂ ಸ್ಕ್ಯಾನ್ ಮಾಡಿಸಿಕೊಂಡು, ಸೊನ್ನೆ ಬಂದ ಖುಷಿಗೆ ಓಣಿಗೆಲ್ಲ ಪೇಢೆ ಹಂಚಿದಿರಂತೆ. ಅದೇ ಬೆಳೆದು ಈಗ ಎದೆಯೊಸಗೆ ಎಂಬ ಹಬ್ಬವಾಗಿದೆ. ನಲವತ್ತು ತುಂಬಿದವರ ಹೃದಯದ ರಕ್ತನಾಳಗಳಲ್ಲಿ ಎಷ್ಟು ಸುಣ್ಣ ಕಟ್ಟಿದೆಯೆಂದು ಯಂತ್ರ ನೋಡುತ್ತದೆ. ಬಂದ ಅಂಕಿಯನ್ನು ಹಿರಿಯರು ಬಂಧುಬಳಗದ ಮುಂದೆ ಓದುತ್ತಾರೆ. ಸೊನ್ನೆ ಬಂದರೆ ಹಾರ, ಹೋಳಿಗೆ ಊಟ. ನೂರು ದಾಟಿದರೆ ಬಂದವರು ಸಾವಿನ ಮನೆಗೆ ಬಂದಂತೆ ಮೆಲ್ಲಗೆ ಮಾತಾಡಿ, ಚಹಾ ಕುಡಿದು ಎದ್ದು ಹೋಗುತ್ತಾರೆ. ತಮಾಷೆಯೆಂದರೆ, ನೂರು ದಾಟಿದ ಎಷ್ಟೋ ಜನ ಗುಳಿಗೆ ನುಂಗುತ್ತ, ಉಪ್ಪು ಎಣ್ಣೆ ಹಿಡಿತದಲ್ಲಿಟ್ಟು, ದಿನಾ ನಡೆದಾಡಿ, ತಮಗಾಗಿ ಮರುಗಿದವರ ಮಣ್ಣಿಗೆ ಹೋಗಿಬರುತ್ತಿದ್ದಾರೆ.

ನನ್ನ ಯಜಮಾನರು ಚನ್ನವೀರಪ್ಪನವರದು ಸೊನ್ನೆ. ಹಾರ ಬಿದ್ದ ಮೇಲೆ ಅವರು ಬೀಡಿ ಬಿಡುವ ಮಾತೆತ್ತಲಿಲ್ಲ, ಬಿಪಿ ನೋಡಿಸಲಿಲ್ಲ. ಬೀಡಿ ಇನ್ನೂ ಇದೆ, ಆಶ್ಚರ್ಯಪಡಬೇಡಿ. ನಮ್ಮಲ್ಲಿ ಸೊನ್ನೆ ಬಂದವರು ಎದೆನೋವೆಂದು ಆಸ್ಪತ್ರೆಗೆ ಹೋಗುವಂತಿಲ್ಲ. ಹೋದರೆ ಬಂಧುಗಳು ಹಾಕಿದ ಹಾರವನ್ನು ಮರಳಿಸಿದಂತೆ. ಕಳೆದ ತಿಂಗಳು ಸಂತೆಯಿಂದ ಬಂದವರೇ ಯಜಮಾನರು ಕಟ್ಟೆಯ ಮೇಲೆ ಕುಳಿತು ಬೆವರತೊಡಗಿದರು. ಎದೆ ಹಿಂಡುತ್ತಿದೆ, ದವಡೆಯವರೆಗೂ ಎಳೆಯುತ್ತಿದೆ ಎಂದರು. ಗಾಡಿ ಕರೆಸುತ್ತೇನೆಂದಾಗ ಅವರ ಅಕ್ಕ ಕಸ್ತೂರೆವ್ವ ನನಗೆ ಅಡ್ಡ ನಿಂತರು.

“ಸೊನ್ನಿ ಬಂದ ಎದಿ ಅದು. ಗ್ಯಾಸ್ ಆಗಿರ್ತದ, ಜೀರಗಿ ನೀರು ಕೊಡು. ಮಂದಿ ಮುಂದ ಮಾನ ಕಳೀಬ್ಯಾಡ.”

ಯಜಮಾನರೂ ಹೌದೆಂದು ತಲೆಯಾಡಿಸಿದರು. ನಾನು ಇಬ್ಬರ ಮಾತನ್ನೂ ಕೇಳದೆ ನೆರೆಯವರಿಂದ ಎತ್ತಿಸಿ ಗಾಡಿಗೆ ಹಾಕಿಸಿದೆ. ಓಣಿಯೆಲ್ಲ ನೋಡಿತು. ಡಾಕ್ಟರು ಮುಚ್ಚಿದ್ದ ನಾಳವನ್ನು ತೆರೆದು, ಆಮೇಲೆ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಯಂತ್ರಕ್ಕೆ ಕಾಣುವುದು ಗಟ್ಟಿಯಾದ ಸುಣ್ಣ ಮಾತ್ರ. ಇನ್ನೂ ಸುಣ್ಣ ಕಟ್ಟದ ಮೆತ್ತನೆಯ ಕೊಬ್ಬು ಅದಕ್ಕೆ ಕಾಣದು. ಸೊನ್ನೆ ಎಂದರೆ ಮುಂದಿನ ಕೆಲವು ವರ್ಷ ಅಪಾಯ ಕಡಿಮೆ ಎಂದಷ್ಟೇ, ಇಲ್ಲವೇ ಇಲ್ಲ ಎಂದಲ್ಲ. ಬೀಡಿ, ಬಿಪಿ, ಸಕ್ಕರೆ ಕಾಯಿಲೆ, ಮನೆತನದಲ್ಲಿ ಬಂದದ್ದು, ಇವನ್ನೆಲ್ಲ ಜೊತೆಗಿಟ್ಟು ನೋಡಬೇಕು. ನೋವು ಬಂದಾಗ ಹಳೆಯ ಅಂಕಿಯನ್ನು ನಂಬಿ ಕೂರುವಂತಿಲ್ಲ.

ಈಗ ನನ್ನನ್ನು ಸೊನ್ನೆಗೇಡಿ ಎನ್ನುತ್ತಾರೆ, ಅಂದರೆ ಗಂಡನ ಸೊನ್ನೆ ಕೆಡಿಸಿದವಳು. ಒಸಗೆಗಳಿಗೆ ಕರೆಯುವುದಿಲ್ಲ. ಅದೇನು ಅಂಥ ದುಃಖವಲ್ಲ, ಹೋಳಿಗೆ ನನಗೆ ಮೊದಲಿನಿಂದಲೂ ಸೇರದು. ಆದರೆ ಆಸ್ಪತ್ರೆಯಿಂದ ಬಂದಾಗಿನಿಂದ ಯಜಮಾನರು ನನ್ನೊಡನೆ ಮಾತು ಬಿಟ್ಟದ್ದು ಬಹಳ ನೋವು ಕೊಟ್ಟಿತು. ಉಳಿಸಿಕೊಂಡೆನೋ ಕಳೆದುಕೊಂಡೆನೋ ತಿಳಿಯದಾಗಿತ್ತು.

ನೀವು ಸಂತೋಷಪಟ್ಟದ್ದು ತಪ್ಪೇನಲ್ಲ. ನನ್ನ ಬೇಡಿಕೆ ಒಂದೇ. ನಿಮಗಾಗಲಿ ನಿಮ್ಮವರಿಗಾಗಲಿ ಎದೆ ಹಿಂಡಿದರೆ, ಯಾರು ಏನೇ ಅಂದರೂ, ಕೂಡಲೇ ಆಸ್ಪತ್ರೆಗೆ ಹೊರಡಿ.

ಇವತ್ತು ಮಧ್ಯಾಹ್ನ ಊಟಕ್ಕೆ ಬಡಿಸಿದೆ. ಯಜಮಾನರು ಒಂದು ತುತ್ತು ಉಂಡು, ತಾಟು ಸರಿಸಿ, ಇಷ್ಟು ದಿನಕ್ಕೆ ಮೊದಲ ಸಲ ನನ್ನತ್ತ ತಿರುಗಿ, ಮೂರು ಮನೆಗೆ ಕೇಳುವಂತೆ ಅಂದರು: “ಈ ಉಪ್ಪಿಲ್ಲದ ಸಾರು ಯಾವ ಮನಶ್ಯಾ ಉಣ್ತಾನ?” ನಾನು ಅಡುಗೆಮನೆಗೆ ಹೋಗಿ ಮನಸಾರೆ ಅತ್ತೆ. ಅವರು ಇನ್ನೂ ಬೈಯುತ್ತಲೇ ಇದ್ದಾರೆ. ಕೇಳುತ್ತ ಇದನ್ನು ಬರೆಯುತ್ತಿದ್ದೇನೆ.