ಹದಿಮೂರನೇ ಕೈ

ಆಗಸ್ಟ್ 22, ಬೆಳಿಗ್ಗೆ 8

ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಉಪ್ಪಿಟ್ಟಿಗೆ ಗೋಡಂಬಿ ಬಿದ್ದಿದೆ. ತಲಾ ಮೂರು. ನಿನ್ನೆ ಒಂದಿತ್ತು, ಮೊನ್ನೆ ಬರೀ ಕರಿಬೇವು. ಚುನಾವಣೆ ಹತ್ತಿರವಾದಂತೆಲ್ಲ ಗೋಡಂಬಿ ಏರುತ್ತದೆ ಎಂಬ ಸಿದ್ಧಾಂತವನ್ನು ಹನ್ನೊಂದನೇ ವಾರ್ಡಿನ ಪಕ್ಷೇತರ ಸದಸ್ಯೆ ರೋಜಾ ಎಂಬ ನಾನು ಲೋಕಕ್ಕೆ ಅರ್ಪಿಸುತ್ತಿದ್ದೇನೆ. ಲೋಕ ಗೇಟಿನ ಆಚೆ ಇದೆ. ಗೇಟಿಗೆ ಬೀಗ.

ಇಂದು ಮೂರನೇ ದಿನ. ಮಾರಿಕಣಿವೆ ಹಿನ್ನೀರಿನ ಪಕ್ಕದ ರೆಸಾರ್ಟು. ಕಿಟಕಿಯಲ್ಲಿ ನೀರು, ಗುಡ್ಡದ ಮೇಲೆ ಗಾಳಿಯಂತ್ರದ ಸಾಲು. ಒಳಗಿನ ಈಜುಕೊಳದಲ್ಲಿ ಮಾತ್ರ ನೀರಿಲ್ಲ. ಅದರೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸದಸ್ಯರು ಇಸ್ಪೀಟು ಆಡುತ್ತಾರೆ.

ಬಂದದ್ದು ನಾನೇ. ಅದೇ ನಾಚಿಕೆ. ಊರ ಮುಖಂಡ ಶಿವಕುಮಾರಪ್ಪನವರ ಕಾರು ನನ್ನ ಅಂಗಡಿ ಮುಂದೆ ನಿಂತಿತು. ಟೀ ಕುಡಿದು ಬರೋಣ, ನಿಮ್ಮ ವಾರ್ಡಿನ ಚರಂಡಿ ವಿಷಯ ಮಾತಾಡೋಣ ಅಂದರು. ಹತ್ತಿದೆ. ಐವತ್ತು ಕಿಲೋಮೀಟರ್ ಆದರೂ ಟೀ ಬರಲಿಲ್ಲ. ಇಲ್ಲಿಗೆ ಬಂದ ಕೂಡಲೇ ಎಲ್ಲರ ಫೋನು ಕಿತ್ತುಕೊಂಡು ಅಡುಗೆಮನೆಯ ಅಕ್ಕಿ ಡಬ್ಬಿಗೆ ಹಾಕಿದರು. ನನ್ನ ಬ್ಯಾಗಿನ ಅಳತೆ ಪುಸ್ತಕ ಮಾತ್ರ ಬಿಟ್ಟರು... ಟೈಲರ್ ಹೆಂಗಸಿನ ಪುಸ್ತಕದಿಂದ ಯಾರಿಗೆ ಏನು ಅಪಾಯ? ಮುಂದಿನ ಹಾಳೆಗಳಲ್ಲಿ ಊರ ಹೆಂಗಸರ ಎದೆ, ಸೊಂಟ, ತೋಳು. ಹಿಂದಿನ ಹಾಳೆಗಳಲ್ಲಿ ಇವತ್ತಿನಿಂದ ನನ್ನ ಸೆರೆವಾಸ. ಓದುವವರಿಲ್ಲ. ಒಳ್ಳೆಯದೇ ಆಯಿತು.

ಆಗಸ್ಟ್ 22, ಸಂಜೆ

ತಲೆ ಕೆಡುವ ಮೊದಲು ವಿಷಯ ಬರೆದಿಡುತ್ತೇನೆ. ನಮ್ಮೂರು ಪಂಚಾಯಿತಿಯಿಂದ ಪುರಸಭೆ ಆಗಿ ಆರು ವರ್ಷ. ಅಧ್ಯಕ್ಷರ ಕುರ್ಚಿ ಈ ಸಲವೂ ಮಹಿಳೆಗೆ ಮೀಸಲು. ಅಭ್ಯರ್ಥಿಗಳು ಇಬ್ಬರು. ಒಬ್ಬಳು ಬಿಂದು, ಶಿವಕುಮಾರಪ್ಪನವರ ಸೊಸೆ. ವಯಸ್ಸು ಇಪ್ಪತ್ತೊಂಬತ್ತು, ರವಿಕೆ ಮೂವತ್ತೆರಡು. ಇನ್ನೊಬ್ಬರು ಕುರಿ ವ್ಯಾಪಾರದ ಮನೆಯ ಕೆಂಚಕ್ಕ. ಶಾಸಕರು, ಸಂಸದರು ಸೇರಿ ಒಟ್ಟು ಓಟು ಇಪ್ಪತ್ತೈದು. ಆ ಕಡೆ ಹನ್ನೆರಡು, ಈ ಕಡೆ ಹನ್ನೆರಡು. ಮಿಕ್ಕವಳು ನಾನು. ವಾರ್ಡಿನಲ್ಲಿ ಏಳು ಓಟಿನಿಂದ ಗೆದ್ದವಳು. ಆ ಏಳೂ ಜನರ ರವಿಕೆ ಆಗ ನನ್ನ ಬಳಿ ಉಳಿದಿತ್ತು ಎಂಬುದು ಕೇವಲ ಆಕಸ್ಮಿಕ.

ಪ್ರಮಾಣವಚನದ ರವಿಕೆಗೆ ಬಿಂದುವಿನ ಅತ್ತೆ ಹೋದ ತಿಂಗಳೇ ರೇಷ್ಮೆ ಕೊಟ್ಟು ಹೋಗಿದ್ದಾರೆ. ಕೆಂಚಕ್ಕನನ್ನು ಕೇಳಿದರೆ, ಗೆದ್ದ ಮೇಲೆ ನೋಡೋಣ, ಸೋತರೆ ಬಟ್ಟೆ ದಂಡ ಅಂದರು.

ಅಧ್ಯಕ್ಷರ ಆಯ್ಕೆ ಇದೇ 29ಕ್ಕೆ, ಕೈ ಎತ್ತುವ ಮೂಲಕ. ಆದ್ದರಿಂದ ದಿನಾ ಐದು ಗಂಟೆಗೆ ಈಜುಕೊಳದಲ್ಲಿ ಕೈ ಎತ್ತುವ ಅಭ್ಯಾಸ. ಬಿಂದುವಿನ ಗಂಡ ಗುರುರಾಜ್ ತಹಶೀಲ್ದಾರ್ ಪಾತ್ರಧಾರಿ. ಅವನು ಹೆಸರು ಕೂಗುತ್ತಾನೆ, ನಾವು ಎತ್ತುತ್ತೇವೆ, ಅವನು ಎಣಿಸುತ್ತಾನೆ. ಶಾಸಕರ ಕೈ ಮಾತ್ರ ಅಭ್ಯಾಸವಿಲ್ಲದೆ ನೇರ ಸಭೆಗೇ ಬರುತ್ತದಂತೆ. ಇವತ್ತು ಬಿಂದು ತಡವಾಗಿ ಎತ್ತಿದಳು.

"ನಿನ್ ಹೆಸ್ರಿಗೆ ನೀನೇ ಎತ್ತದಿದ್ರೆ ಹೆಂಗಲೇ?" ಅಂದ ಗುರುರಾಜ್. ಎಲ್ಲರೂ ನಕ್ಕರು. ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ಆಗಸ್ಟ್ 24, ಮಧ್ಯಾಹ್ನ

ಬಿಂದು ಬಂದಿದ್ದಳು. ರವಿಕೆಯ ಹುಕ್ಕು ಕಿತ್ತುಹೋಗಿತ್ತಂತೆ. ನೋಡಿದರೆ ಕಿತ್ತುಹೋದದ್ದಲ್ಲ, ಕಿತ್ತದ್ದು. ದಾರ ನೋಡಿದರೆ ನನಗೆ ತಿಳಿಯುವುದಿಲ್ಲವೇ. ಸೂಜಿ ತೆಗೆದೆ.

ಹೊಲಿಯುವಾಗ ಬೆನ್ನು ತಿರುಗಿಸಿಕೊಂಡೇ ಹೇಳಿದಳು. ರೂಮಿನಲ್ಲಿ ಗಂಡ ಅವಳಿಂದ ಸಹಿ ಅಭ್ಯಾಸ ಮಾಡಿಸುತ್ತಾನೆ. ನಲವತ್ತು ಖಾಲಿ ಹಾಳೆಗೆ ಈಗಾಗಲೇ ಸಹಿ ಬಿದ್ದಿದೆ. ಹೊಳಲ್ಕೆರೆ ರಸ್ತೆಯ ಕೆರೆ ಅಂಗಳದಲ್ಲಿ ಮಾವ ಕಲ್ಲು ನೆಟ್ಟಿದ್ದಾರೆ, ನೂರಾ ಅರವತ್ತು ಸೈಟು. ಅಧ್ಯಕ್ಷರ ಸಹಿ ಬಿದ್ದರೆ ಅದು ಬಡಾವಣೆ. ಬೀಳದಿದ್ದರೆ ಕೆರೆ.

"ರೋಜಕ್ಕ, ನಂಗೆ ಓಟ್ ಹಾಕ್ಬ್ಯಾಡ್ರಿ."

ಸೂಜಿ ನನ್ನ ಬೆರಳಿಗೇ ಚುಚ್ಚಿತು. ಮನೆಮನೆಗೆ ಹೋಗಿ ಕಾಲು ಹಿಡಿದ ಅಭ್ಯರ್ಥಿಗಳನ್ನು ನೋಡಿದ್ದೇನೆ, ಕುಕ್ಕರು ಹಂಚಿದವರನ್ನು ನೋಡಿದ್ದೇನೆ. ತನ್ನ ಸೋಲಿಗೆ ತಾನೇ ಪ್ರಚಾರಕ್ಕೆ ಬಂದ ಅಭ್ಯರ್ಥಿ ಈ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು. ನಗುತ್ತಲೇ ಕೇಳಿದೆ, ನಾಮಪತ್ರಕ್ಕೇ ಸಹಿ ಹಾಕಬೇಡ, ಅಲ್ಲಿಗೆ ಮುಗಿಯಿತಲ್ಲ.

"ಬ್ಯಾಡ ಅಂದ್ರೆ ಮನೆ ಒಳಗೆ ಬಿಟ್ಕಳಲ್ಲ ಅಕ್ಕ. ಮಗು ಅತ್ತೆ ಹತ್ರ ಐತೆ. ಸೋತ್ರೆ ಅದು ನನ್ ತಪ್ಪಲ್ಲ." ಆಮೇಲೆ ಅಂದಳು, "ಬಸಮ್ಮನ್ನ ನೋಡಿದೀರಲ್ಲ."

ಹುಕ್ಕು ಹಾಕಿ ದಾರ ಕಡಿದೆ. ಗಟ್ಟಿಯಾಗಿ ಹಾಕಿದ್ದೇನೆ. ನನ್ನ ಕೈಲಾದದ್ದು ಸದ್ಯಕ್ಕೆ ಅಷ್ಟೇ.

ಆಗಸ್ಟ್ 27

ಎರಡು ದಿನ ಬರೆಯಲಿಲ್ಲ. ಗೋಡಂಬಿ ಐದಕ್ಕೆ ಏರಿದೆ. ಐದನ್ನೂ ತಟ್ಟೆಯ ಅಂಚಿಗೆ ಸರಿಸಿಟ್ಟೆ.

ಬಸಮ್ಮ ನಮ್ಮ ಹಿಂದಿನ ಅಧ್ಯಕ್ಷೆ. ಗಂಡ ಬೆರಳಿಟ್ಟ ಕಡೆ ಸಹಿ ಹಾಕಿದರು. ಈಗ ತಿಂಗಳಿಗೆ ಎರಡು ಸಲ ಬುತ್ತಿ ಕಟ್ಟಿಕೊಂಡು ಏಳು ಗಂಟೆ ಬಸ್ಸಿಗೆ, ಆ ಸಹಿಗಳ ಕೇಸಿಗಾಗಿ ಚಿತ್ರದುರ್ಗದ ಕೋರ್ಟಿಗೆ ಹೋಗುತ್ತಾರೆ. ಒಬ್ಬರೇ. ಗಂಡ ಇಸ್ತ್ರಿ ಬಿಳಿ ಅಂಗಿಯಲ್ಲಿ ಹೋಟೆಲ್ ಮುಂದೆ ಕೂತು, ಆಫೀಸಿನ ವಿಷಯ ನನಗೆ ಗೊತ್ತಿಲ್ಲ, ಸಹಿ ಅವಳದ್ದು ಅನ್ನುತ್ತಾರೆ. ಜೂನ್‌ನಲ್ಲಿ ಬಸಮ್ಮ ರವಿಕೆ ಹೊಲಿಸಿದರು. ಹಳೆ ಅಳತೆಗಿಂತ ಹೊಸ ಅಳತೆ ನಾಲ್ಕು ಇಂಚು ಕಡಿಮೆ. ಇದೇ ಪುಸ್ತಕದಲ್ಲಿದೆ. ಈಗ ತಿರುವಿ ನೋಡಿದೆ... ನಾಲ್ಕೂವರೆ.

ಕೆಂಚಕ್ಕ ದೇವತೆಯಲ್ಲ. ಸಭೆಯಲ್ಲಿ ನಿದ್ದೆ ಹೊಡೆಯುತ್ತಾರೆ, ಎಲೆಯಡಿಕೆಯನ್ನು ಸರ್ಕಾರಿ ಹೂಕುಂಡಕ್ಕೆ ಉಗಿಯುತ್ತಾರೆ. ಆದರೆ ಸಹಿ ಮಾಡುವ ಮೊದಲು ಕಾಗದವನ್ನು ಗಟ್ಟಿಯಾಗಿ ಓದಿಸುತ್ತಾರೆ. ಆಮೇಲೆ "ಇನ್ನೊಂದ್ಸಲ ಓದ್ರಿ" ಅನ್ನುತ್ತಾರೆ. ಅವರು ನೀರಿನ ಸಮಿತಿಯಲ್ಲಿದ್ದ ವರ್ಷ ಗುತ್ತಿಗೆದಾರರು ಕೂರುವುದಕ್ಕೆ ಮನೆಯಿಂದ ದಿಂಬು ತರುತ್ತಿದ್ದರು.

ಹಾಗಾದರೆ ಯೋಚನೆ ಏನು, ಕೆಂಚಕ್ಕನಿಗೇ ಎತ್ತಿದರಾಯಿತು... ಹೌದು. ಆದರೆ ಗೇಟಿಗೆ ಬೀಗ.

ಆಗಸ್ಟ್ 28, ಬೆಳಿಗ್ಗೆ 11

ಬೀಗ ಗೇಟಿಗಷ್ಟೇ ಅಲ್ಲ ಅಂತ ತಿಳಿಯಿತು.

ಶಿವಕುಮಾರಪ್ಪನವರು ದಾಳಿಂಬೆ ಹಿಡಿದು ಬಂದರು. ಎದುರು ಕೂತು ಅವರೇ ಬಿಡಿಸಿ ಕೊಟ್ಟರು. ನನ್ನ ಅಂಗಡಿ ಇರುವುದು ಅವರ ಕಟ್ಟಡದಲ್ಲಿ. ಅಂಗಡಿ ಹಿಂದಿನ ಕೋಣೆಯೇ ನನ್ನ ಮನೆ. ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಅಲ್ಲೇ ಕುಕ್ಕರು ಕೂಗುತ್ತಿದೆ. ಕರಾರು ಮಾರ್ಚಿಗೇ ಮುಗಿದಿದೆ.

"ಅದು ನಿಂದೇ ಅಂಗಡಿ ಅನ್ಕಾ ಮಗಳೆ. ಗೆದ್ದ ದಿನವೇ ಹತ್ತು ವರ್ಷಕ್ಕೆ ಬರ್ಸಾಣ."

ಗೆಲ್ಲದಿದ್ದರೆ ಅಂತ ಕೇಳಿದೆ, ತಮಾಷೆಗೆ ಎಂಬಂತೆ.

"ಗೋಡೆ ಭಾಳ ಹಳೇದಾಗೈತಮ್ಮ. ಯಾರ ಮೇಲಾದ್ರೂ ಬಿದ್ದೀತು. ಅವತ್ತೇ ಕೆಡವ್ಬೇಕಾಗ್ತದೆ." ಇನ್ನೊಂದು ಹಿಡಿ ಕಾಳು ನನ್ನ ಅಂಗೈಗೆ ಸುರಿದರು.

ನಾನು ಥ್ಯಾಂಕ್ಸ್ ಹೇಳಿದೆ. ಯಾಕೆ ಹೇಳಿದೆ? ಅಷ್ಟು ಅಕ್ಕರೆಯಿಂದ ಮಾತಾಡಿದರು.

ಆಗಸ್ಟ್ 28, ಸಂಜೆ

ಕೊನೆಯ ಅಭ್ಯಾಸ. ಕೈ ಎತ್ತಿದೆ. ಗುರುರಾಜ್ ಶಭಾಷ್ ಅಂದ. ಬಿಂದು ನನ್ನ ಕೈಯನ್ನೇ ನೋಡುತ್ತಿದ್ದಳು. ಇಳಿಸುವಾಗ ಎಲ್ಲಿ ಇಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡೆ.

ಎತ್ತಿದರೆ ಅವಳು ಬಸಮ್ಮ ಆಗುತ್ತಾಳೆ. ಎತ್ತದಿದ್ದರೆ ನನಗೆ ಸೂರಿಲ್ಲ. ಪ್ರಜಾಪ್ರಭುತ್ವ ಎಂದು ಏಳನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟದ್ದು ಬಹುಶಃ ಬೇರೆ ಏನೋ ಇರಬೇಕು.

ಆಗಸ್ಟ್ 29, ಬೆಳಿಗ್ಗೆ 9-40, ಬಸ್ಸಿನಲ್ಲಿ

ಕರ್ಟನ್ ಎಳೆದ ಬಸ್ಸು. ಹಿರಿಯೂರು ದಾಟಿದ್ದು ಹಾರ್ನಿನ ಗದ್ದಲದಿಂದ ತಿಳಿಯಿತು. ಬಿಂದು ಮುಂದಿನ ಸೀಟಿನಲ್ಲಿ, ಗಂಡನ ಪಕ್ಕ, ರೇಷ್ಮೆ ಸೀರೆ. ಫೋನು ಓಟು ಮುಗಿದ ಮೇಲೆ ಕೊಡುತ್ತಾರಂತೆ. ಹಿಂದಿನ ಸೀಟಿನವರು ಉಪಾಧ್ಯಕ್ಷಗಿರಿ ಹಂಚಿಕೊಳ್ಳುತ್ತಿದ್ದಾರೆ.

11-15. ಊರು ಬಂತು. ಕರ್ಟನ್ ಒಂದು ಬೆರಳು ಸರಿಸಿ ನೋಡಿದೆ. ಹೊಸ ಬೇಕರಿ, ಹೊಸ ಮೊಬೈಲ್ ಅಂಗಡಿ. ಒಂಬತ್ತು ದಿನದಲ್ಲಿ ಊರು ಬೆಳೆದೇಬಿಟ್ಟಿದೆ. ರೋಜಾ ಟೈಲರ್ಸ್ ಬೋರ್ಡು ಇನ್ನೂ ಇದೆ. ಅದರ ಮುಂದೆ ಒಂದು ಜೆಸಿಬಿ. ಡ್ರೈವರ್ ನನ್ನ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಾನೆ.

ಆಗಸ್ಟ್ 29, ಮಧ್ಯಾಹ್ನ 1-05, ಪುರಸಭೆ ಸಭಾಂಗಣ

ನಿಜವಾದ ತಹಶೀಲ್ದಾರರಿಗೆ ಗುರುರಾಜ್‌ನಷ್ಟು ಗತ್ತಿಲ್ಲ. ಎದುರು ಸಾಲಿನಲ್ಲಿ ಕೆಂಚಕ್ಕ ತೂಕಡಿಸುತ್ತಿದ್ದಾರೆ. ಬಾಗಿಲಲ್ಲಿ ಶಿವಕುಮಾರಪ್ಪ, ಗುರುರಾಜ್, ಅಪ್ಪ ಮಗ ಇಬ್ಬರೂ.

ತಹಶೀಲ್ದಾರರು ಕೂಗಿದರು. ಬಿಂದು ಅವರ ಪರ ಇರುವವರು ಕೈ ಎತ್ತಿ.

ಕೈಯಲ್ಲಿ ಪೆನ್ನಿದೆ. ಬರೆಯುತ್ತಿದ್ದೇನೆ. ಬರೆಯುತ್ತಲೇ ಇದ್ದೇನೆ. ಬಾಗಿಲ ಕಡೆ ಯಾರೋ ಕೆಮ್ಮಿದರು. ಮತ್ತೆ ಕೆಮ್ಮಿದರು. ಬಿಂದು ತನ್ನ ಹೆಸರಿಗೆ ತಾನೇ ಎತ್ತಿದ್ದಾಳೆ, ಎಲ್ಲರಿಗಿಂತ ಮೇಲೆ. ಎಣಿಸುತ್ತಿದ್ದಾರೆ. ಹನ್ನೆರಡು. ಇನ್ನೊಮ್ಮೆ ಎಣಿಸಿದರು. ಹನ್ನೆರಡೇ. ಕೈ ಇಳಿಸಿ ಅಂದರು. ಎದೆಯಿಂದ ಟೇಪು ತೆಗೆದಾಗ ಹೆಂಗಸರು ಉಸಿರು ಬಿಡುತ್ತಾರಲ್ಲ, ಹಾಗೆ ಬಿಟ್ಟಳು ಬಿಂದು. ಈ ಕಡೆ ನೋಡಲಿಲ್ಲ.

ಇನ್ನು ಕೆಂಚಕ್ಕನ ಹೆಸರು. ಪಕ್ಕದವರು ಅವರನ್ನು ತಟ್ಟಿ ಎಬ್ಬಿಸುತ್ತಿದ್ದಾರೆ. ಪೆನ್ನು ಕೆಳಗಿಡಬೇಕು. ಅಷ್ಟರಲ್ಲಿ ಇದನ್ನು ಯಾರಾದರೂ ಓದುವುದಾದರೆ ಸಣ್ಣದೊಂದು ಉಪಕಾರ: ಬಸ್‌ಸ್ಟ್ಯಾಂಡಿನಿಂದ ಒಂದು ಲಗೇಜ್ ಆಟೋ ನನ್ನ ಅಂಗಡಿಗೆ ಬೇಗ ಕಳಿಸಿ. ಮೆಷಿನ್ನು ಎರಡಿವೆ, ಜನ ಇಬ್ಬರಿರಲಿ. ದೊಡ್ಡದನ್ನು ಚಕ್ರ ಹಿಡಿದು ಎತ್ತಬೇಡಿ, ಕೆಳಗಿನ ಕಬ್ಬಿಣದ ಕಾಲು ಹಿಡಿದು—